ಚಿಕ್ಕಪ್ಪನ ಜೀಪು ಮತ್ತು ಒಂದು ಚಿಟಿಕೆ ಪ್ಲಾಟಿನಂ

2000ನೇ ಇಸವಿ ಫೆಬ್ರವರಿ. ಕಚ್ಚಾ ತೈಲದಿಂದ ಪೆಟ್ರೋಲ್ ಮಾಡುವ ರಿಫೈನರಿಯಲ್ಲಿ ನನಗೆ ಕೆಲಸ. ರಜೆ ಹಾಕಿ ಊರಿಗೆ ಬಂದಿದ್ದೆ. ಸಕಲೇಶಪುರದ ಆಚೆ ನಮ್ಮ ತೋಟ. ರೋಬಸ್ಟಾಗೆ ಹೂವಿನ ನೀರು ಕೊಡುವ ಕಾಲ ಅದು. ಕೆರೆ ಏರಿಯ ಮೇಲೆ ಡೀಸೆಲ್ ಪಂಪ್‌ಸೆಟ್ ಹಗಲು ರಾತ್ರಿ ಸದ್ದು ಮಾಡುತ್ತಿತ್ತು. ಚಿಕ್ಕಪ್ಪ ಅಂಗಳದಲ್ಲಿ ಜೀಪಿನ ಬಾನೆಟ್ ಎತ್ತಿಕೊಂಡು ನಿಂತಿದ್ದರು. ನನ್ನನ್ನು ನೋಡಿದ್ದೇ ತಡ, ಊಟ ಆಯ್ತಾ ಅಂತಲೂ ಕೇಳಲಿಲ್ಲ.

"ಏನೋ, ಇನ್ಮೇಲೆ ಬಂಕಲ್ಲಿ ಸೀಸ ಇಲ್ಲದ ಪೆಟ್ರೋಲೇ ಸಿಗೋದಂತೆ? ವಾಲ್ವ್ ಎಲ್ಲ ಸವೆದು ಹೋಗ್ತವೆ ಅಂತ ಮೆಕ್ಯಾನಿಕ್ ಹೇಳ್ತಿದ್ದ. ಅದನ್ನ ಮಾಡೋರು ನೀವೇ ಅಲ್ವಾ, ಏನಿದು ನಿಮ್ಮ ಕಥೆ?"

ನಮ್ಮ ಕಡೆ ಬಹಳ ಜನ ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡಿದ್ದರು. ಚಿಕ್ಕಪ್ಪ ಒಪ್ಪಿರಲಿಲ್ಲ. ಅವರದು ಪೆಟ್ರೋಲ್ ಜೀಪು. ಗೊಬ್ಬರದ ಮೂಟೆ, ಕಾಫಿ ಮೂಟೆ, ಹೆರಿಗೆ ನೋವಿನ ಹೆಂಗಸರು, ಮದುವೆಯ ಪಾತ್ರೆ ಪಗಡ, ಎಲ್ಲವನ್ನೂ ಅದು ಹೊತ್ತಿತ್ತು. ಭಾರ ಹೇರಿಕೊಂಡು ಏರು ಹತ್ತುವಾಗ ಎಂಜಿನ್ ಒಳಗೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಟಕಟಕ ಅನ್ನುತ್ತಿತ್ತು. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದಕ್ಕೇ. ಕಿಡಿಯಿಂದ ಹೊತ್ತಿದ ಬೆಂಕಿ ಮೂಲೆಗೆ ತಲುಪುವ ಮೊದಲೇ, ಅಲ್ಲಿರುವ ಪೆಟ್ರೋಲ್ ಆವಿ ಒತ್ತಡಕ್ಕೆ ತಾನಾಗಿಯೇ ಸಿಡಿದುಬಿಡುತ್ತದೆ. ಹಾಗೆ ಸಿಡಿಯದೆ ತಡೆದುಕೊಳ್ಳುವ ಗುಣವನ್ನು ಆಕ್ಟೇನ್ ಸಂಖ್ಯೆಯಲ್ಲಿ ಅಳೆಯುತ್ತಾರೆ.

ಈ ಕುಟ್ಟುವಿಕೆಗೆ 1921ರಲ್ಲಿ ಒಂದು ಸುಲಭದ ಮದ್ದು ಸಿಕ್ಕಿತು. ಅಮೆರಿಕದ ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲೀ ಎಂಬ ಎಂಜಿನಿಯರ್ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ತೀರಾ ಸ್ವಲ್ಪ ಬೆರೆಸಿ ನೋಡಿದ. ಸದ್ದು ನಿಂತಿತು. 1923ರಲ್ಲಿ ಡೇಟನ್ ಊರಿನ ಬಂಕಿನಲ್ಲಿ ಮಾರಾಟ ಶುರುವಾಯಿತು. ಮರುವರ್ಷವೇ ಅದನ್ನು ತಯಾರಿಸುವ ಕಡೆ ಕೆಲಸಗಾರರು ಸೀಸದ ವಿಷ ಏರಿ, ಭ್ರಮೆ ಹಿಡಿದು ಸತ್ತರು. ಆದರೂ ಅದು ನಿಲ್ಲಲಿಲ್ಲ. ಎಪ್ಪತ್ತು ವರ್ಷ ಜಗತ್ತಿನ ರಸ್ತೆಗಳ ಮೇಲೆಲ್ಲ ಹೊಗೆಯ ಜೊತೆ ಸೀಸ ಉದುರಿತು, ಮಕ್ಕಳ ರಕ್ತಕ್ಕೆ ಸೇರಿತು, ಮೆದುಳಿಗೆ ಪೆಟ್ಟು ಕೊಟ್ಟಿತು. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಇಡೀ ದೇಶಕ್ಕೆ ಬಂದದ್ದು 2000ದ ಫೆಬ್ರವರಿ 1ಕ್ಕೆ. ಚಿಕ್ಕಪ್ಪ ಕೇಳುತ್ತಿದ್ದದ್ದು ಅದನ್ನೇ.

ಮೆಕ್ಯಾನಿಕ್ ಹೇಳಿದ್ದರಲ್ಲಿ ಸ್ವಲ್ಪ ನಿಜ ಇತ್ತು. ಸೀಸ ಹಳೆಯ ಎಂಜಿನ್ನಿನ ವಾಲ್ವ್ ಕೂರುವ ಜಾಗಕ್ಕೆ ತೆಳ್ಳಗೆ ಲೇಪದ ಹಾಗೆ ಅಂಟಿ, ಸವೆಯದಂತೆ ಕಾಯುತ್ತಿತ್ತು. ಬೆಂಗಳೂರಿಗೆ ನೂರರ ವೇಗದಲ್ಲಿ ಓಡಿಸುವ ಗಾಡಿಗೆ ಅದರಿಂದ ತೊಂದರೆ ಆಗಬಹುದು, ತೋಟದಲ್ಲಿ ನಿಧಾನಕ್ಕೆ ಓಡುವ ಜೀಪಿಗೆ ಅಷ್ಟಾಗಿ ಆಗುವುದಿಲ್ಲ ಅಂದೆ. ಅವರು ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಅಷ್ಟು ವರ್ಷ ಈ ಕೆಲಸದಲ್ಲಿದ್ದರೂ ನನ್ನನ್ನು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ.

"ಸರಿ, ಸೀಸ ತೆಗೆದ್ರಿ. ಅದರ ಜಾಗಕ್ಕೆ ಏನ್ ಹಾಕ್ತೀರಿ?"

"ಏನೂ ಹಾಕಲ್ಲ ಚಿಕ್ಕಪ್ಪ. ಪೆಟ್ರೋಲನ್ನೇ ಬೇರೆ ಮಾಡ್ತೀವಿ."

ಆ ಉತ್ತರ ನನ್ನದಲ್ಲ. ವ್ಲಾದಿಮಿರ್ ಹೆನ್ಸೆಲ್ ಎಂಬ ಕೆಮಿಕಲ್ ಎಂಜಿನಿಯರ್ ಐವತ್ತು ವರ್ಷ ಮೊದಲೇ ಕೊಟ್ಟಿದ್ದ ಉತ್ತರ. ಅವರ ಹೆಸರು ನಮ್ಮ ಹಾಸನದಲ್ಲಿ ಎಷ್ಟು ಜನಕ್ಕೆ ಗೊತ್ತು? ಬಿ.ಎಂ. ರಸ್ತೆಯ ಯಾವ ಬಂಕಿನಲ್ಲಿ ನಿಂತು ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡರೂ ಅದರಲ್ಲಿ ಅವರ ಕೆಲಸದ ಒಂದು ಪಾಲು ಇದ್ದೇ ಇರುತ್ತದೆ. ನನ್ನ ಉದ್ಯೋಗದ ಮುಕ್ಕಾಲು ಪಾಲು ಅವರು ಕಂಡುಹಿಡಿದ ಒಂದೇ ಒಂದು ಘಟಕವನ್ನು ಕಾಯುವುದರಲ್ಲಿ ಕಳೆಯಿತು. ಆ ಋಣ ನನ್ನ ಮೇಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆನ್ಸೆಲ್ ಹುಟ್ಟಿದ್ದು 1914ರಲ್ಲಿ, ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಬೆಳೆದದ್ದು ಮಾಸ್ಕೋದಲ್ಲಿ. ತಂದೆ ಅರ್ಥಶಾಸ್ತ್ರದ ಪ್ರೊಫೆಸರ್. ಕ್ರಾಂತಿಯ ನಂತರದ ರಷ್ಯಾ ಬಿಟ್ಟು ಯೂರೋಪಿನ ಊರೂರು ದಾಟಿ 1930ರಲ್ಲಿ ಕುಟುಂಬ ಅಮೆರಿಕ ಸೇರಿತು. ಹುಡುಗ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ. ಮ್ಯಾಸಚೂಸೆಟ್ಸ್‌ನ ಎಂಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡಿ 1937ರಲ್ಲಿ ಯುಒಪಿ ಎಂಬ ಕಂಪನಿ ಸೇರಿದ. ಅದು ಪೆಟ್ರೋಲ್ ಮಾರುವ ಕಂಪನಿ ಅಲ್ಲ. ಪೆಟ್ರೋಲ್ ಮಾಡುವ ವಿಧಾನ ಕಂಡುಹಿಡಿದು ರಿಫೈನರಿಗಳಿಗೆ ಕೊಡುವ ಕಂಪನಿ. ಅಲ್ಲಿ ಗುರುವಾಗಿ ಸಿಕ್ಕವರು ಇಪಾತೀಫ್, ಅವರೂ ರಷ್ಯಾ ಬಿಟ್ಟು ಬಂದವರೇ. ಹೆಚ್ಚು ಒತ್ತಡದಲ್ಲಿ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪದಾರ್ಥ, ಬಳಸುವ ವಿದ್ಯೆಯಲ್ಲಿ ಆ ಕಾಲಕ್ಕೆ ಅವರಷ್ಟು ತಿಳಿದವರು ಕಡಿಮೆ. ಕೆಲಸ ಮಾಡುತ್ತಲೇ ಹೆನ್ಸೆಲ್ 1941ರಲ್ಲಿ ಡಾಕ್ಟರೇಟ್ ಮುಗಿಸಿದರು.

ಕಚ್ಚಾ ತೈಲ ಕಾಯಿಸಿದಾಗ ಮೇಲೆ ಬರುವ ಹಗುರ ಭಾಗ ನಾಫ್ತಾ. ನೋಡುವುದಕ್ಕೆ ಪೆಟ್ರೋಲಿನ ಹಾಗೇ ಇರುತ್ತದೆ. ಆದರೆ ಅದನ್ನೇ ಜೀಪಿಗೆ ಹಾಕಿದರೆ ಮೊದಲನೇ ಏರಿಗೇ ಎಂಜಿನ್ ಕುಟ್ಟಲು ಶುರು. ಯಾಕೆಂದರೆ ಅದರ ಅಣುಗಳಲ್ಲಿ ಬಹಳಷ್ಟು ಉದ್ದ ಸರದ ಹಾಗಿರುತ್ತವೆ. ಅವು ಬೇಗ ಸಿಡಿಯುತ್ತವೆ. ಆ ಸರವನ್ನು ಬಾಗಿಸಿ ತಂದು ಉಂಗುರ ಮಾಡಿದರೆ, ಮೊದಲೇ ಉಂಗುರ ಆಗಿರುವುದರಿಂದ ಸ್ವಲ್ಪ ಹೈಡ್ರೋಜನ್ ಕಳಚಿದರೆ, ಆಕ್ಟೇನ್ ಒಮ್ಮೆಲೇ ಏರುತ್ತದೆ. ಇದಕ್ಕೆ ರಿಫಾರ್ಮಿಂಗ್ ಅಂತ ಹೆಸರು. ಹೊರಗಿನದು ಏನೂ ಸೇರಿಸುವುದಿಲ್ಲ, ಇರುವುದರ ಆಕಾರ ಬದಲಾಗುತ್ತದೆ ಅಷ್ಟೆ.

ಪ್ಲಾಟಿನಂ ಈ ಕೆಲಸ ಮಾಡುತ್ತದೆ ಅನ್ನುವುದು ಹೊಸದಾಗಿರಲಿಲ್ಲ. ಮಾಸ್ಕೋದ ಝೆಲಿನ್‌ಸ್ಕಿ 1911ರಲ್ಲೇ ತೋರಿಸಿದ್ದರು. ಆದರೆ ಅದು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ. ಬಂಗಾರದ ಅಂಗಡಿಯಲ್ಲಿ ತೂಗುವ ಲೋಹವನ್ನು ತಂದು ರಿಫೈನರಿಯ ಬೆಂಕಿಗೆ ಯಾರು ಹಾಕುತ್ತಾರೆ? ಆಗ ರಿಫೈನರಿಗಳು ಬಳಸುತ್ತಿದ್ದದ್ದು ಮಾಲಿಬ್ಡಿನಂ, ಅದು ಅಗ್ಗ. ಆದರೆ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಮಸಿ ಕಟ್ಟುತ್ತಿತ್ತು. ನಿಲ್ಲಿಸಬೇಕು, ಮಸಿ ಸುಡಬೇಕು, ಮತ್ತೆ ಓಡಿಸಬೇಕು.

ಹೆನ್ಸೆಲ್ ಯೋಚನೆ ಮಾಡಿದ ದಾರಿ ನನಗೆ ಇವತ್ತಿಗೂ ಇಷ್ಟ. ಪ್ಲಾಟಿನಂ ದುಬಾರಿ ಅನ್ನುವುದು ಅದು ಖರ್ಚಾದರೆ ತಾನೆ? ಕ್ಯಾಟಲಿಸ್ಟ್ ಖರ್ಚಾಗುವುದಿಲ್ಲ. ಹಾಗಾದರೆ ಕೇಳಬೇಕಾದ್ದು ಕೆ.ಜಿ.ಗೆ ಎಷ್ಟು ಬೆಲೆ ಅಂತ ಅಲ್ಲ. ಎಷ್ಟು ಕಡಿಮೆ ಹಾಕಿದರೆ ಸಾಕು, ಎಷ್ಟು ಕಾಲ ಬದುಕುತ್ತದೆ ಅಂತ.

ನಮ್ಮ ಅಜ್ಜಿ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಬೆರಳಿನ ತುದಿಯಲ್ಲಿ ಮೊಸರು ತೆಗೆದು ಪಾತ್ರೆಯ ಒಳಗೆ ಸವರುತ್ತಿದ್ದರು. ಅಷ್ಟಕ್ಕೇ ಇಡೀ ಪಾತ್ರೆ ಹೆಪ್ಪಾಗುತ್ತಿತ್ತು. ಮಕ್ಕಳಿಗೆ ಕ್ಯಾಟಲಿಸ್ಟ್ ಅಂದರೇನು ಅಂತ ಹೇಳುವಾಗ ನಾನು ಇದನ್ನೇ ಹೇಳುತ್ತಿದ್ದೆ. ಆಮೇಲೆ ಯೋಚಿಸಿದರೆ ಅದು ಪೂರ್ತಿ ಸರಿ ಇಲ್ಲ. ಹೆಪ್ಪು ಮೊಸರಿನಲ್ಲೇ ಸೇರಿಹೋಗಿ ತಾನೂ ಬೆಳೆಯುತ್ತದೆ. ಪ್ಲಾಟಿನಂ ಸೇರುವುದಿಲ್ಲ, ಬೆಳೆಯುವುದೂ ಇಲ್ಲ. ಅದರ ಮೈ ತಾಗಿ ಅಣು ಆಕಾರ ಬದಲಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಬೆರಳ ತುದಿಯ ಲೆಕ್ಕ ಮಾತ್ರ ಅಜ್ಜಿಯದೇ.

ಹೆನ್ಸೆಲ್ ಮಾಡಿದ್ದು ಇದು. ಅಲ್ಯುಮಿನಾ ಅಂತ ಒಂದು ಬಿಳಿ ಪದಾರ್ಥ ಇದೆ. ಅದರ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಒಂದು ಗ್ರಾಂ ಅಲ್ಯುಮಿನಾದ ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರ್. ಹಾಸನದಲ್ಲಿ ಜನ ಸಾಲ ಮಾಡಿ ಕೊಳ್ಳುವ ತರ್ಟಿ-ಫಾರ್ಟಿ ಸೈಟು ಇದೆಯಲ್ಲ, ಅಂಥದ್ದು ಒಂದೂವರೆಗಿಂತ ಜಾಸ್ತಿ, ಒಂದೇ ಗ್ರಾಮಿನಲ್ಲಿ. ಆ ಗೋಡೆಗಳ ಮೇಲೆ ಪ್ಲಾಟಿನಂ ಅನ್ನು ಕೆಲವೇ ಪರಮಾಣುಗಳ ಗುಂಪಾಗಿ ಚೆಲ್ಲಿದರು. ಗಟ್ಟಿ ಇದ್ದರೆ ಒಳಗಿನ ಲೋಹ ಸುಮ್ನೆ ಕೂತಿರುತ್ತದೆ. ಹೀಗೆ ಚೆಲ್ಲಿದರೆ ಪ್ರತಿಯೊಂದು ಕಣವೂ ದುಡಿಯುತ್ತದೆ. ಈಗಿನ ಕ್ಯಾಟಲಿಸ್ಟಿನಲ್ಲೂ ಸಾವಿರ ಕೆ.ಜಿ.ಗೆ ಪ್ಲಾಟಿನಂ ಎರಡು ಮೂರು ಕೆ.ಜಿ. ಇದ್ದರೆ ಹೆಚ್ಚು. ಜೊತೆಗೆ ಹೈಡ್ರೋಜನ್ ಅನ್ನು ಒತ್ತಡದಲ್ಲಿ ತಿರುಗಿಸುತ್ತಾ ಇದ್ದರೆ ಮಸಿ ಕಟ್ಟುವುದು ನಿಧಾನವಾಗುತ್ತದೆ. ಗಂಟೆಗಳ ಲೆಕ್ಕ ತಿಂಗಳುಗಳ ಲೆಕ್ಕವಾಯಿತು. 1949ರಲ್ಲಿ ಮಿಷಿಗನ್ನಿನ ಮಸ್ಕೀಗನ್ ಊರಿನ ಒಂದು ಸಣ್ಣ ರಿಫೈನರಿಯಲ್ಲಿ ಮೊದಲ ಘಟಕ ಓಡಿತು. ಹೆಸರು ಪ್ಲಾಟ್‌ಫಾರ್ಮಿಂಗ್. ಪ್ಲಾಟಿನಂ, ರಿಫಾರ್ಮಿಂಗ್ ಎರಡೂ ಸೇರಿ ಆದ ಹೆಸರು. ಆಗ ಅವರಿಗೆ ಮೂವತ್ತೈದು ವರ್ಷ.

ಮಸಿಯನ್ನು ಬೇರೆ ರೀತಿಯಲ್ಲಿ ಗೆದ್ದವರೂ ಇದ್ದಾರೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ ಮಾಡುವ ಅಂಗಡಿಗಳ ಮುಂದೆ ಒಂದು ನಿಮಿಷ ನಿಂತು ನೋಡಿ. ಮಿಷನ್ನಿನಿಂದ ಆಗ ತಾನೇ ಬೀಳುವ ಪುಡಿ ನೀರಿನ ಹಾಗೆ ಹರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಅದೇ ಪುಡಿ ಕೂತು ಗಟ್ಟಿಯಾಗುತ್ತದೆ. ಕಣಗಳ ನಡುವೆ ಗಾಳಿ ಇರುವವರೆಗೂ ಪುಡಿಗೆ ನೀರಿನ ನಡತೆ. ಎಂಐಟಿಯ ಲೂಯಿಸ್ ಮತ್ತು ಗಿಲಿಲ್ಯಾಂಡ್ ಎಂಬ ಇಬ್ಬರು ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್‌ಗಳು ಕ್ಯಾಟಲಿಸ್ಟ್ ಪುಡಿಯನ್ನು ಹೀಗೆ ಹರಿಸಬಹುದು ಅಂತ ತೋರಿಸಿದರು. ಸ್ಟ್ಯಾಂಡರ್ಡ್ ಆಯಿಲ್‌ನ ಎಂಜಿನಿಯರ್‌ಗಳು ಅದನ್ನು ದೊಡ್ಡದು ಮಾಡಿ 1942ರ ಮೇ ತಿಂಗಳಲ್ಲಿ ಬ್ಯಾಟನ್ ರೂಜ್‌ನಲ್ಲಿ ಘಟಕ ಓಡಿಸಿದರು. ಒಂದು ಪಾತ್ರೆಯಲ್ಲಿ ಎಣ್ಣೆ ಒಡೆಯುವ ಪುಡಿ, ಮಸಿ ಹಿಡಿದ ತಕ್ಷಣ ಪಕ್ಕದ ಪಾತ್ರೆಗೆ ಹರಿದು, ಅಲ್ಲಿ ಮಸಿ ಸುಟ್ಟುಕೊಂಡು ಬಿಸಿಬಿಸಿಯಾಗಿ ವಾಪಸ್. ನಿಲ್ಲಿಸುವ ಮಾತೇ ಇಲ್ಲ. ಈ ಯೋಚನೆ ಪ್ಲಾಟ್‌ಫಾರ್ಮಿಂಗ್‌ಗೂ ಬಂದದ್ದು 1971ರಲ್ಲಿ. ಕ್ಯಾಟಲಿಸ್ಟನ್ನು ಸಾಸಿವೆ ಕಾಳಿನಷ್ಟು ಗುಂಡಗೆ ಮಾಡಿ, ಒಂದರ ಮೇಲೊಂದು ನಿಲ್ಲಿಸಿದ ರಿಯಾಕ್ಟರ್‌ಗಳಲ್ಲಿ ಮೇಲಿಂದ ಕೆಳಕ್ಕೆ ತಮ್ಮ ಭಾರಕ್ಕೇ ಜಾರುವ ಹಾಗೆ ಮಾಡಿದರು. ಕೆಳಗೆ ಬಂದ ಕಾಳನ್ನು ಇನ್ನೊಂದು ಗೋಪುರಕ್ಕೆ ಎತ್ತಿ, ಮಸಿ ಸುಟ್ಟು, ಮತ್ತೆ ಮೇಲಕ್ಕೆ ಕಳಿಸುತ್ತಾರೆ. ನಾನು ಕಾದದ್ದು ಅಂಥ ಘಟಕವನ್ನು.

ಒಂದು ರಾತ್ರಿಯ ಮಾತು ಹೇಳಬೇಕು. ಜುಲೈ ತಿಂಗಳು, ಕರಾವಳಿಯ ಮಳೆ. ಕಂಟ್ರೋಲ್ ರೂಮಿನ ಕಿಟಕಿಗೆ ನೀರು ಬಡಿಯುತ್ತಿತ್ತು. ನೈಟ್ ಶಿಫ್ಟಿನ ಆಪರೇಟರ್ ಕರೆದರು. "ಸಾರ್, ಮೊದಲನೇ ರಿಯಾಕ್ಟರ್‌ದು ಡೆಲ್ಟಾ-ಟಿ ಕಮ್ಮಿ ಆಗ್ತಾ ಇದೆ. ಇಲ್ಲಿ ಬಂದು ನೋಡಿ."

ಡೆಲ್ಟಾ-ಟಿ ಅಂದರೆ ರಿಯಾಕ್ಟರ್ ಒಳಗೆ ಹೋಗುವಾಗಿನ ಶಾಖಕ್ಕೂ ಹೊರಬರುವಾಗಿನ ಶಾಖಕ್ಕೂ ಇರುವ ವ್ಯತ್ಯಾಸ. ಉಂಗುರದಿಂದ ಹೈಡ್ರೋಜನ್ ಕಳಚುವ ಕೆಲಸ ಶಾಖ ತಿನ್ನುತ್ತದೆ. ಸುಮಾರು ಐನೂರು ಡಿಗ್ರಿಯಲ್ಲಿ ಒಳಗೆ ಹೋದ ನಾಫ್ತಾ ಮೊದಲನೇ ರಿಯಾಕ್ಟರ್ ದಾಟುವಷ್ಟರಲ್ಲಿ ನೂರು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಅದಕ್ಕೇ ಪ್ರತಿ ರಿಯಾಕ್ಟರ್ ಮುಂದೆ ಮತ್ತೆ ಕಾಯಿಸುವ ಕುಲುಮೆ ಇರುತ್ತದೆ. ಜ್ವರ ಬಂದ ಮಗುವಿನ ಮೈ ತಣ್ಣಗಾದರೆ ನಮಗೆ ಸಮಾಧಾನ ಅಲ್ವಾ, ಇಲ್ಲೂ ಹಾಗೆ. ತಣ್ಣಗಾಗುತ್ತಿದ್ದರೆ ಪ್ಲಾಟಿನಂ ದುಡಿಯುತ್ತಿದೆ ಅಂತ. ಆ ರಾತ್ರಿ ಅದು ತಣ್ಣಗಾಗುವುದನ್ನು ಬಿಡುತ್ತಿತ್ತು. ಗಂಟೆ ಗಂಟೆಗೂ ಎರಡು ಮೂರು ಡಿಗ್ರಿ. ಹೈಡ್ರೋಜನ್ ಹುಟ್ಟುವುದೂ ಇಳಿಯುತ್ತಿತ್ತು.

ಗಂಧಕ ನುಗ್ಗಿತ್ತು. ನಾಫ್ತಾದಲ್ಲಿರುವ ಗಂಧಕವನ್ನು ಮೊದಲೇ ತೆಗೆದು ಕಳಿಸಬೇಕು. ಇಲ್ಲದಿದ್ದರೆ ಅದು ಪ್ಲಾಟಿನಂ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ತೆಗೆಯುವ ಘಟಕದಲ್ಲಿ ಒಂದರ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಒಂದರಲ್ಲಿ ಸೋರಿಕೆ ಆಗಿ, ಶುದ್ಧ ಆದ ನಾಫ್ತಾಕ್ಕೆ ಆಗದ ನಾಫ್ತಾ ಬೆರೆಯುತ್ತಿತ್ತು. ಆ ಎಕ್ಸ್‌ಚೇಂಜರ್ ಮೇಲೆ ನಮಗೆ ಮೊದಲೇ ಅನುಮಾನ ಇತ್ತು. ಎರಡು ಸಲ ಬರೆದು ಕೊಟ್ಟಿದ್ದೆವು. ಮುಂದಿನ ಶಟ್‌ಡೌನ್‌ನಲ್ಲಿ ನೋಡೋಣ ಅಂತ ಮೇಲಿನಿಂದ ಉತ್ತರ ಬಂದಿತ್ತು. ಆ ಕೋಪ ನನಗೆ ಪೂರ್ತಿ ಇಳಿದಿಲ್ಲ.

ಬೆಳಗಿನ ಜಾವದವರೆಗೆ ರಿಯಾಕ್ಟರ್ ಶಾಖ ಇಳಿಸಿದೆವು, ನಾಫ್ತಾ ಕಡಿಮೆ ಮಾಡಿದೆವು, ಸೋರುವ ಎಕ್ಸ್‌ಚೇಂಜರ್ ಬೇರೆ ಮಾಡಿದೆವು. ಗಂಧಕದ ವಿಷ ಒಳ್ಳೆಯದು, ಶುದ್ಧ ನಾಫ್ತಾ ಬಂದರೆ ನಿಧಾನಕ್ಕೆ ಬಿಟ್ಟು ಹೋಗುತ್ತದೆ. ನಾಲ್ಕನೇ ದಿನ ಡೆಲ್ಟಾ-ಟಿ ಮೊದಲಿನ ಜಾಗಕ್ಕೆ ಬಂತು. ಆ ಅಂಕಿ ಪರದೆಯ ಮೇಲೆ ಏರುವುದನ್ನು ನೋಡುತ್ತಾ ಆ ಆಪರೇಟರ್ ಮತ್ತು ನಾನು ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಡಿದೆವು. ಅದೇ ಸೀಸ ನುಗ್ಗಿದ್ದರೆ ಬಿಟ್ಟು ಹೋಗುತ್ತಿರಲಿಲ್ಲ. ಪ್ಲಾಟಿನಂಗೆ ಸೀಸ ಶಾಶ್ವತ ವಿಷ. ಕಾರಿನ ಹೊಗೆ ಶುದ್ಧ ಮಾಡುವ ಕನ್ವರ್ಟರ್‌ನಲ್ಲೂ ಇರುವುದು ಪ್ಲಾಟಿನಂ ಥರದ ಲೋಹಗಳೇ. ಅಲ್ಲೂ ಸೀಸ ತಾಗಿದರೆ ಮುಗಿಯಿತು. ಬಂಕಿನಿಂದ ಸೀಸ ಓಡಿಸಲೇಬೇಕು ಅಂತ ಜಗತ್ತಿಗೆ ಗಡಿಬಿಡಿ ಹತ್ತಿದ್ದಕ್ಕೆ ಇದೂ ಒಂದು ಕಾರಣ. ಸೀಸ ಹೋದಾಗ ಅದರ ಜಾಗ ತುಂಬಲು ಹೆನ್ಸೆಲ್ ಅವರ ಪೆಟ್ರೋಲ್ ಸಿದ್ಧವಾಗಿತ್ತು.

ನಮ್ಮೂರಿಗೆ ಪೆಟ್ರೋಲ್ ಬರುವ ದಾರಿಯೂ ಆಮೇಲೆ ಬದಲಾಯಿತು. ಮೊದಲೆಲ್ಲ ಮಂಗಳೂರಿನಿಂದ ಟ್ಯಾಂಕರ್‌ಗಳು ಶಿರಾಡಿ ಘಾಟಿ ಹತ್ತಿ ಬರಬೇಕಿತ್ತು. ಮಳೆಗಾಲದಲ್ಲಿ ಸಾಲು ಸಾಲಾಗಿ ನಿಲ್ಲುತ್ತಿದ್ದವು. 2003ರಲ್ಲಿ ಮಂಗಳೂರಿನಿಂದ ನೆರಿಯ, ಹಾಸನದ ಮೇಲೆ ಬೆಂಗಳೂರಿನ ಹತ್ತಿರದ ದೇವನಗುಂದಿಗೆ 362 ಕಿ.ಮೀ. ಪೈಪ್‌ಲೈನ್ ಆಯಿತು. ಒಂದೇ ಪೈಪಿನಲ್ಲಿ ಪೆಟ್ರೋಲ್ ಹಿಂದೆ ಡೀಸೆಲ್, ಅದರ ಹಿಂದೆ ಇನ್ನೊಂದು. ನಡುವೆ ಗೋಡೆ ಇರುವುದಿಲ್ಲ, ಸೇರುವ ಕಡೆ ಸ್ವಲ್ಪ ಬೆರೆಯುತ್ತದೆ. ಸಾಂದ್ರತೆ ಬದಲಾದದ್ದನ್ನು ನೋಡಿಕೊಂಡು ಬೆರೆತದ್ದನ್ನು ಬೇರೆ ಟ್ಯಾಂಕಿಗೆ ತಿರುಗಿಸುತ್ತಾರೆ. ಪೈಪು ಹೋದ ಪಟ್ಟಿಯಲ್ಲಿ ಮರ ಬೆಳೆಸುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ. ನಮ್ಮ ನೆಂಟರೊಬ್ಬರ ಹೊಲದಲ್ಲಿ ಆ ಪಟ್ಟಿಯ ಮೇಲೆ ರಾಗಿ ಬೆಳೆಯುತ್ತದೆ. ತೆನೆ ಬಿಟ್ಟಾಗ ಹೋಗಿ ನಿಂತರೆ ಏನೂ ಕೇಳಿಸುವುದಿಲ್ಲ. ಆದರೂ ನಾನು ಪ್ರತಿ ಸಲ ಅಲ್ಲಿ ನಿಂತು ಬರುತ್ತೇನೆ.

ಹೆನ್ಸೆಲ್ ಹೆಸರಲ್ಲಿ 145 ಪೇಟೆಂಟ್ ಇವೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಕೆಲಸದಲ್ಲೂ ಅವರ ಕೈ ಇತ್ತು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ, 1997ರಲ್ಲಿ ಡ್ರೇಪರ್ ಪ್ರಶಸ್ತಿ ಬಂತು. ಕಂಪನಿ ಬಿಟ್ಟ ಮೇಲೆ ಆಮ್‌ಹರ್ಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೇಷ್ಟ್ರಾಗಿದ್ದರು. 2002ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಎಲ್ಲವೂ ಒಳ್ಳೆಯದೇ ಆಯಿತು ಅಂತ ನಾನು ಹೇಳುವುದಿಲ್ಲ. ಆ ಉಂಗುರಗಳಲ್ಲಿ ಒಂದು ಬೆಂಜೀನ್. ಅದು ಕ್ಯಾನ್ಸರ್ ತರುವ ಪದಾರ್ಥ. ಈಗ ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಪಾಲು ದಾಟಬಾರದು ಅಂತ ನಿಯಮ ಇದೆ. ಅದನ್ನು ಇಳಿಸಲು ಮತ್ತೆ ಹೊಸ ಘಟಕಗಳು ಬಂದವು. ಇನ್ನೊಂದು ಕಡೆ, ರಿಫಾರ್ಮಿಂಗ್‌ನಲ್ಲಿ ಬಿಡುಗಡೆಯಾಗುವ ಹೈಡ್ರೋಜನ್ ಡೀಸೆಲ್‌ನ ಗಂಧಕ ತೆಗೆಯಲು ಒದಗಿತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಎಸ್-6 ನಿಯಮ ಬಂದಾಗ ಹತ್ತು ಲಕ್ಷಕ್ಕೆ ಹತ್ತು ಪಾಲು ಗಂಧಕ ಮಾತ್ರ ಇರಬೇಕಾಯಿತು. ಆದರೆ ಇಂಗಾಲ ಇಂಗಾಲವೇ, ಪೆಟ್ರೋಲ್ ಸುಟ್ಟರೆ ಹವಾಮಾನ ಕೆಡಿಸುತ್ತದೆ. ನಮ್ಮ ತೋಟದಲ್ಲಿ ಹೂಮಳೆ ಹೇಳಿದ ಕಾಲಕ್ಕೆ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದಾಗ ನಾನು ಊರಿನಲ್ಲೇ ಇದ್ದೆ. ಅಟ್ಟದ ಮೇಲೆ ಮಳೆ ಸುರಿಯುವ ಸದ್ದು ಕೇಳುತ್ತಾ, ನನ್ನ ಮೂವತ್ತು ವರ್ಷದ ದುಡಿಮೆ ಈ ಮಳೆಯಲ್ಲಿ ಎಷ್ಟಿದೆ ಅಂತ ಯೋಚಿಸಿದ್ದೇನೆ. ನಾವು ಮಾಡಿದ ಪೆಟ್ರೋಲಿಗೆ ಸೀಸ ಇರಲಿಲ್ಲ ಅನ್ನುವುದು ನಿಜ. ಅದನ್ನು ಸುಟ್ಟರು ಅನ್ನುವುದೂ ನಿಜ. ಎರಡೂ ನನ್ನವೇ.

ಚಿಕ್ಕಪ್ಪನ ಜೀಪು ಸೀಸ ಇಲ್ಲದ ಪೆಟ್ರೋಲಿನಲ್ಲೇ ಇನ್ನೂ ಹತ್ತು ಹನ್ನೊಂದು ವರ್ಷ ಓಡಿತು. ವಾಲ್ವಿಗೆ ಏನೂ ಆಗಲಿಲ್ಲ. ಚಾಸಿಗೆ ತುಕ್ಕು ಹಿಡಿದು ನಿಂತಿತು. ಈಗ ಚಿಕ್ಕಪ್ಪನೂ ಇಲ್ಲ.

ಕೆಲಸ ಬಿಟ್ಟು ಬರುವಾಗ ನಾನು ಒಂದು ಸಣ್ಣ ಬಾಟಲಿ ತಂದೆ. ಒಳಗೆ ಸಾಸಿವೆಯಂಥ ಕಾಳುಗಳು, ಬಿಳಿ. ಬರೀ ಅಲ್ಯುಮಿನಾ, ಪ್ಲಾಟಿನಂ ಹಾಕುವ ಮೊದಲಿನದು. ಯಾರೋ ಮಾದರಿ ಅಂತ ಕೊಟ್ಟಿದ್ದರು. ಪ್ಲಾಟಿನಂ ಇರುವ ಕಾಳು ರಿಫೈನರಿಯ ಗೇಟು ದಾಟುವುದಿಲ್ಲ. ನೆಲಕ್ಕೆ ಚೆಲ್ಲಿದ್ದನ್ನೂ ಗುಡಿಸಿ, ತೂಗಿ, ಡ್ರಮ್ಮಿಗೆ ತುಂಬಿ, ಬೀಗ ಹಾಕಿ, ಲೋಹ ವಾಪಸ್ ತೆಗೆಯಲು ಕಳಿಸುತ್ತೇವೆ.

ಹೋದ ದಸರಾ ರಜೆಯಲ್ಲಿ ತಮ್ಮನ ಮಗಳು ಆ ಬಾಟಲಿ ಹಿಡಿದುಕೊಂಡು ಬಂದಳು. "ದೊಡ್ಡಪ್ಪ, ಇದರಲ್ಲಿ ಪ್ಲಾಟಿನಂ ಇಲ್ಲ ಅಂದ್ರೆ ಏನಿದೆ?"

ಒಂದು ಗಾಜಿನ ಲೋಟದಲ್ಲಿ ನೀರು ತರಿಸಿದೆ. ಹತ್ತು ಕಾಳು ಹಾಕು ಅಂದೆ. ಕಾಳು ತಳಕ್ಕೆ ಹೋದವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪ್ರತಿ ಕಾಳಿನ ಮೈಯಿಂದ ದಾರದ ಹಾಗೆ ಸಣ್ಣ ಗುಳ್ಳೆಗಳು ಏಳಲು ಶುರುವಾದವು. ತೂತುಗಳಿಗೆ ನೀರು ನುಗ್ಗಿ ಒಳಗಿನ ಗಾಳಿ ಹೊರಗೆ ಬರುತ್ತಿತ್ತು. ಅವಳು ಮುಖವನ್ನು ಲೋಟಕ್ಕೆ ಹತ್ತಿರ ತಂದಳು, ಆಮೇಲೆ ಕಿವಿ ಇಟ್ಟಳು.

"ಇಷ್ಟು ಚಿಕ್ಕ ಕಾಳಲ್ಲಿ ಇಷ್ಟೊಂದು ಗಾಳಿ ಎಲ್ಲಿತ್ತು ದೊಡ್ಡಪ್ಪ?" ಅಂದಳು. ನಾನು ಸೈಟಿನ ಲೆಕ್ಕ ಹೇಳಲು ಬಾಯಿ ತೆರೆದೆ. ಅವಳು ಸುಮ್ಮನಿರಿ ಅಂತ ಕೈ ಸನ್ನೆ ಮಾಡಿ, ಗುಳ್ಳೆ ಎಣಿಸುತ್ತಾ ಕೂತಳು.